ಅಂಗಳದಲ್ಲಿ ಬರೆದ ಪಂಪು

ನಮ್ಮ ಸರ್ ಬಸ್ಸಿಗೆ ಕಾಯುವಾಗ ಬಸ್ಸಿನ ಚಿತ್ರ ಬರೆಯುತ್ತಿದ್ದರು. ಚಿತ್ರ ಎಂದರೆ ಚಕ್ರ, ಕಿಟಕಿ, ಡ್ರೈವರ್ ಇರುವ ಚಿತ್ರವಲ್ಲ. ನಾಲ್ಕು ಚೌಕ, ಅವುಗಳ ನಡುವೆ ಬಾಣ. ಒಂದು ಚೌಕದಲ್ಲಿ ‘ಬಂದಿಲ್ಲ’, ಇನ್ನೊಂದರಲ್ಲಿ ‘ಬಂತು’, ಮತ್ತೊಂದರಲ್ಲಿ ‘ಹೋತು’, ಕೊನೆಯದರಲ್ಲಿ ‘ಬಂತು, ಆದ್ರ ನಮ್ಮದಲ್ಲ’. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಮೊರಬದ ಬಸ್ಸಿಗಾಗಿ ನಿಂತಿದ್ದ ನನಗೆ ಅವರು ಇದನ್ನು ಒಂದು ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆದು ತೋರಿಸಿ, "ತಂಗಿ, ಈಗ ನೀ ಯಾವ ಮನ್ಯಾಗ ಅದಿ?" ಎಂದು ಕೇಳಿದರು. ನಾನು ‘ಬಂದಿಲ್ಲ’ದ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಬಸ್ಸು ಬಂತು, ನಾವು ಒಂದು ಬಾಣದ ಬಗ್ಗೆ ವಾದ ಮಾಡುತ್ತಿದ್ದಾಗ ಹೋಗಿಯೂ ಬಿಟ್ಟಿತು. "ನೋಡು, ಚಿತ್ರ ಬರೋಬರಿ ಐತಿ" ಎಂದು ಪತ್ರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಮುಂದಿನ ಬಸ್ಸಿಗೆ ಒಂದೂವರೆ ತಾಸು ಇತ್ತು.

ಅವರ ಹೆಸರು ಇಲ್ಲಿ ಬೇಡ. ‘ಚೌಕದ ಸರ್’ ಎಂದರೆ ಹಾಲಿನವನೂ ಮನೆ ತೋರಿಸುತ್ತಿದ್ದ, ನಮಗೆ ಅಷ್ಟು ಸಾಕಾಗಿತ್ತು. ಅವರು ಎಲ್ಲಿ ಹುಟ್ಟಿದರು, ಎಷ್ಟು ವರ್ಷ ಎಲ್ಲೆಲ್ಲಿ ಪಾಠ ಮಾಡಿದರು ಎಂಬುದೆಲ್ಲ ನನಗೆ ಸರಿಯಾಗಿ ಗೊತ್ತಿಲ್ಲ. ಪಾಲಿಟೆಕ್ನಿಕ್ಕಿನ ಮಾಸ್ತರಿಕೆಯಿಂದ ನಿವೃತ್ತರಾಗಿ, ಮನೆಯಲ್ಲಿ ಕೂತು ಹೆಂಡತಿಯ ಕೆಲಸದಲ್ಲಿ ತಪ್ಪು ಹುಡುಕಲು ಶುರು ಮಾಡಿದ ಮೂರನೇ ವಾರಕ್ಕೆ, ಹೆಂಡತಿ ಶಾಂತಕ್ಕನೇ ಅವರನ್ನು ನಮ್ಮ ವರ್ಕ್‌ಶಾಪಿಗೆ ಅಟ್ಟಿದರು ಎಂಬುದು ಮಾತ್ರ ಗೊತ್ತು. ಇದನ್ನು ಹೇಳಿದ್ದೂ ಶಾಂತಕ್ಕನೇ.

ನಮ್ಮದು ಸಣ್ಣ ವರ್ಕ್‌ಶಾಪು. ಕೆರೆಯಿಂದ ಊರ ಟಾಕಿಗೆ ಕುಡಿಯುವ ನೀರು ಏರಿಸುವ ಪಂಪುಗಳಿಗೆ ಒಂದು ಪೆಟ್ಟಿಗೆ ಮಾಡುತ್ತೇವೆ. ಟಾಕಿ ಖಾಲಿಯಾದರೆ ಪಂಪು ತಾನೇ ಶುರುವಾಗಬೇಕು, ತುಂಬಿದರೆ ತಾನೇ ನಿಲ್ಲಬೇಕು. ಕರೆಂಟು ಹೋದರೆ, ಅರ್ಧಮರ್ಧ ಬಂದರೆ, ಕೆರೆಯಲ್ಲಿ ನೀರು ಇಳಿದರೆ ಏನು ಮಾಡಬೇಕೆಂಬುದೂ ಪೆಟ್ಟಿಗೆಗೇ ಗೊತ್ತಿರಬೇಕು. ಅದರ ಒಳಗಿನ ಪ್ರೋಗ್ರಾಂ ಬರೆಯುವವಳು ನಾನು. ಇಂಜಿನಿಯರಿಂಗ್ ಮುಗಿಸಿ ಸೇರಿದ ಹೊಸತರಲ್ಲಿ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಸರ್ ಬಂದ ಮೊದಲ ದಿನ ನನ್ನ ಬೆನ್ನ ಹಿಂದೆ ನಿಂತು ಕಂಪ್ಯೂಟರ್ ಪರದೆಯನ್ನು ನೋಡಿದರು. ಹೀಗಿದ್ದರೆ ಹಾಗೆ, ಹಾಗಿಲ್ಲದಿದ್ದರೆ ಹೀಗೆ ಎಂಬ ಸಾಲುಗಳು ಒಂದರೊಳಗೊಂದು ಹೊಕ್ಕು ಪರದೆಯ ಬಲತುದಿ ಮುಟ್ಟಿದ್ದವು.

"ಟಾಕಿ ತುಂಬೂಕಿಂತ ಮೊದಲ ಕರೆಂಟ್ ಹೋತು ಅನ್ಕೋ. ಅಷ್ಟರಾಗ ಕೆರಿ ನೀರೂ ತಳಾ ಹತ್ತಿತು. ಆಮ್ಯಾಲ ಕರೆಂಟ್ ಬಂತು. ಈಗ ನಿನ್ನ ಪಂಪು ಏನ್ ಮಾಡ್ತೈತಿ?"

"ತಡೀರಿ ಸರ್, ಹೇಳ್ತೀನಿ" ಎಂದು ನಾನು ಸಾಲುಗಳಲ್ಲಿ ಹುಡುಕತೊಡಗಿದೆ. ಮೇಲೆ ಹೋದೆ, ಕೆಳಗೆ ಬಂದೆ, ನಾನೇ ಬರೆದದ್ದು ನನಗೇ ಸಿಗಲಿಲ್ಲ. ಅರ್ಧ ತಾಸು ಬಿಟ್ಟು ತಿರುಗಿ ನೋಡಿದರೆ ಅವರು ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಲಗ್ನಪತ್ರಿಕೆಯ ಹಿಂದೆ ಐದು ಚೌಕ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ನನ್ನ ನಾನೂರು ಸಾಲುಗಳು ಆ ಐದು ಚೌಕಗಳಲ್ಲಿ ಕೂತಿದ್ದವು, ಮತ್ತು ನಾನು ಮರೆತಿದ್ದ ಒಂದು ಬಾಣವೂ ಅಲ್ಲಿತ್ತು. ನನಗೆ ಸಿಟ್ಟು ಬಂತು. ಸರಿಯಾಗಿ ಹೇಳಿದವರ ಮೇಲೆ ಬರುವ ಸಿಟ್ಟು ಅದು, ಬೇಗ ಇಳಿಯುವುದಿಲ್ಲ.

ಇಂಥ ನಕ್ಷೆಗೆ ಸ್ಟೇಟ್‌ಚಾರ್ಟ್ ಎಂದು ಹೆಸರು, ಅವರು ಯಾವುದೋ ತರಬೇತಿಯಲ್ಲಿ ಕಲಿತು ಬಂದದ್ದು. ಅವರ ಬಾಯಲ್ಲಿ ಮಾತ್ರ ಇದೆಲ್ಲ ಚೌಕಾಬಾರಾ ಆಟದ ಭಾಷೆಗೆ ಇಳಿದಿತ್ತು. ಯಂತ್ರ ಯಾವ ಸ್ಥಿತಿಯಲ್ಲಿದೆಯೋ ಅದು ‘ಮನಿ’. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಬಾಣ, ಬಾಣದ ಬೆನ್ನ ಮೇಲೆ ಅದರ ‘ಕಾರಣ’ ಬರೆದಿರಬೇಕು. ಕಾರಣವಿಲ್ಲದೆ ಯಾರೂ ಮನೆ ಬಿಟ್ಟು ಹೋಗುವಂತಿಲ್ಲ. ಎರಡು ಬಾಣಗಳಿಗೆ ಒಂದೇ ಕಾರಣವಿದ್ದರೆ ಅವುಗಳನ್ನು ಒಂದಕ್ಕೊಂದು ಕೂಡಿಸಿ, ಕಾರಣವನ್ನು ಒಂದೇ ಕಡೆ ಬರೆಯುತ್ತಿದ್ದರು. ಮತ್ತು ದಿನಕ್ಕೆ ಹತ್ತು ಸಲ ಯಾರಿಗಾದರೂ ಕೇಳುವ ಪ್ರಶ್ನೆ: "ಈಗ ಕಾಯಿ ಯಾವ ಮನ್ಯಾಗ ಐತಿ?"

ದೊಡ್ಡ ಮನೆಯೊಳಗೆ ಸಣ್ಣ ಮನೆ ಬರೆಯುವುದನ್ನು ಅವರು ತಮ್ಮ ಮನೆಯನ್ನೇ ತೋರಿಸಿ ಕಲಿಸಿದರು. "ನಾ ಪಡಸಾಲ್ಯಾಗ ಇರಲಿ, ಅಡಗಿಮನ್ಯಾಗ ಇರಲಿ, ಮನಿಗೆ ಬೆಂಕಿ ಹತ್ತಿದ್ರ ಹೊರಗ ಓಡತೇನಿ. ಒಂದೊಂದ ಖೋಲಿಗೆ ಒಂದೊಂದ ಬಾಣ ಯಾಕ ಬೇಕು? ಹೊರಗಿನ ಗ್ವಾಡಿಗೆ ಒಂದ ಹಚ್ಚಿದ್ರ ಮುಗೀತು." ಒಂದೇ ಹೊತ್ತಿನಲ್ಲಿ ಎರಡು ಸಂಗತಿಗಳು ಬೇರೆಬೇರೆಯಾಗಿ ನಡೆಯುವುದಿದ್ದರೆ ನಡುವೆ ಚುಕ್ಕೆಗೆರೆ ಹಾಕಿ ಎರಡು ಪಾಲು ಮಾಡಬೇಕು. ಅದಕ್ಕೂ ಮನೆಯದೇ ಉದಾಹರಣೆ. "ನಮ್ಮಾಕಿದು ನೋಡು. ಸಿಟ್ಟು ಈ ಕಡೆ, ರೊಟ್ಟಿ ಆ ಕಡೆ. ಸಿಟ್ಟು ಏರಲಿ ಇಳೀಲಿ, ರೊಟ್ಟಿ ಬರೂದ ನಿಂದ್ರೂದಿಲ್ಲ." ಒಳಗಿನಿಂದ ಶಾಂತಕ್ಕ, "ಒಂದಿನಾ ಚುಕ್ಕಿಗೆರಿ ಅಳಸ್ತೀನಿ, ಆಗ ಗೊತ್ತಾಕ್ಕೈತಿ" ಎಂದರು. ಸರ್ ದನಿ ತಗ್ಗಿಸಿ, ಅಂಥ ಬಾಣವೂ ಉಂಟು ಎಂದು ನನಗೆ ಹೇಳಿದರು.

ಎಲ್ಲಕ್ಕಿಂತ ಅವರಿಗೆ ಪ್ರೀತಿ ಇದ್ದದ್ದು ಒಂದು ಸಣ್ಣ ವೃತ್ತದ ಮೇಲೆ. ಅದರೊಳಗೆ ‘ನೆ’ ಎಂದು ಬರೆಯುತ್ತಿದ್ದರು. ನೆ ಎಂದರೆ ನೆನಪು. ಬಾಣವೊಂದು ಆ ವೃತ್ತಕ್ಕೆ ಬಂದು ಮುಟ್ಟಿದರೆ, ಯಂತ್ರ ಮೊದಲು ಯಾವ ಮನೆಯಲ್ಲಿತ್ತೋ ಮತ್ತೆ ಅಲ್ಲಿಗೇ ಹೋಗಬೇಕು. ಕರೆಂಟು ಹೋಗುವಾಗ ಪಂಪು ಓಡುತ್ತಿತ್ತೇ, ಬಂದಾಗ ಓಡಲಿ. ಸುಮ್ಮನಿತ್ತೇ, ಸುಮ್ಮನಿರಲಿ. ದಿನಪತ್ರಿಕೆ ಓದುವಾಗ ಯಾರಾದರೂ ಕರೆದರೆ ಅವರು ಓದುತ್ತಿದ್ದ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ‘ನೆ’ ಬರೆದು ಏಳುತ್ತಿದ್ದರು. ಅವರ ಮನೆಯ ರದ್ದಿ ಕೊಳ್ಳುವವನಿಗೆ ಈ ಅಕ್ಷರದ ಬಗ್ಗೆ ಬಹಳ ದಿನದಿಂದ ಅನುಮಾನವಿತ್ತು.

ಪಂಪಿನ ನಕ್ಷೆ ದೊಡ್ಡದಾಗಿ ಕಾಗದದಲ್ಲಿ ಹಿಡಿಯದಾದಾಗ ಸರ್ ಅದನ್ನು ತಮ್ಮ ಮನೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬರೆಯತೊಡಗಿದರು. ಇದಕ್ಕೆ ಶಾಂತಕ್ಕ ಒಂದು ಷರತ್ತು ಹಾಕಿದ್ದರು. ಸಂಜೆ ತನಕ ಅಂಗಳ ಅವರದು, ಬೆಳಿಗ್ಗೆ ಕಸಬರಿಗೆ ಹಿಡಿದ ಮೇಲೆ ಶಾಂತಕ್ಕನದು. ಹಾಗಾಗಿ ನಾನು ಸಂಜೆ ಬಸ್ಸಿಗೆ ಹೋಗುವ ಮೊದಲು ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಅದನ್ನು ನೋಡಿ ಪ್ರೋಗ್ರಾಂ ಬರೆಯುತ್ತಿದ್ದೆ. ಎಷ್ಟೋ ಮನೆಗಳ ಹೆಣ್ಣುಮಕ್ಕಳು ಹಾದಿಯಲ್ಲಿ ನಿಂತು ಆ ರಂಗೋಲಿ ನೋಡಿ, ಪಾಪ, ಗಂಡಸರ ಕೈ, ಇಷ್ಟಾದರೂ ಬಂತಲ್ಲ ಎನ್ನುತ್ತಿದ್ದರು. ನನಗೂ ರಂಗೋಲಿ ಬರುವುದಿಲ್ಲ. ಮೊರಬದಲ್ಲಿ ಹುಟ್ಟಿದ ಹುಡುಗಿ ಇದನ್ನು ಒಪ್ಪಿಕೊಂಡರೆ ನಮ್ಮವ್ವ ಮೂರು ದಿನ ಮಾತು ಬಿಡುತ್ತಾಳೆ. ಆದರೆ ಮುಂದೆ ನಡೆದದ್ದಕ್ಕೆ ಇದೂ ಒಂದು ಕಾರಣ, ಆದ್ದರಿಂದ ಹೇಳಿಬಿಟ್ಟೆ.

ಪ್ರೋಗ್ರಾಂ ಬರೆದಾದ ಮೇಲೂ ಸರ್ ಪೆಟ್ಟಿಗೆಯನ್ನು ಸುಮ್ಮನೆ ಕಳಿಸಲು ಬಿಡುತ್ತಿರಲಿಲ್ಲ. ಪಂಪು ಇರುವ ಊರಿಗೇ ಹೋಗಿ, ನೆಲದ ಮೇಲೆ ಸುಣ್ಣದಿಂದ ಬರೀ ಮನೆಗಳನ್ನು ಬರೆದು, ಬಾಣಗಳನ್ನು ಬರೆಯದೆ, ಪಂಪಿನ ಹತ್ತಿರ ದಿನಾ ಕೆಲಸ ಮಾಡುವವರನ್ನೇ ಕರೆದು ನಡೆಸಬೇಕು. ಒಬ್ಬರು ಮೋಟರು, ಒಬ್ಬರು ಕರೆಂಟು. ನಾನು ನನ್ನ ಪ್ರೋಗ್ರಾಂ ಹಿಡಿದುಕೊಂಡು, ಈಗ ಯಾವ ಮನೆಗೆ ಹೋಗಬೇಕೆಂದು ಓದಿ ಹೇಳಬೇಕು. ಇದಕ್ಕೆ ಅವರು ‘ನಡೆದು ನೋಡೂದು’ ಎನ್ನುತ್ತಿದ್ದರು. ನಮ್ಮ ಮಾಲಕರಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವರು ದಪ್ಪ ಆಳು, ಸದಾ ಅವಸರ, ನಿಂತಲ್ಲೇ ಓಡುತ್ತಿರುವ ಮನುಷ್ಯ. "ಪೆಟಗಿ ಮಾರೂ ಅಂಗಡಿನೋ, ನಾಟಕ ಕಂಪನಿನೋ ಇದು?" ಎಂದು ಕೇಳುತ್ತಿದ್ದರು.

ನವಲಗುಂದದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಒಂದು ಊರಿನ ಪೆಟ್ಟಿಗೆಯ ಹೊತ್ತಿಗೆ ಈ ಜಗಳ ತುದಿ ಮುಟ್ಟಿತು. ಆ ಊರಿನ ಪಂಪು ನೋಡಿಕೊಳ್ಳುವವರು ಮಾಬುಸಾಬ. ಮೂವತ್ತು ವರ್ಷದಿಂದ ಕೆರೆ ದಂಡೆಯ ಆ ಪಂಪ್‌ಹೌಸಿನಲ್ಲೇ ಇದ್ದವರು. ಕೆರೆಯ ಜೊಂಡು ಪಂಪಿನ ಬಾಯಿಗೆ ಸಿಕ್ಕಾಗ ಅದನ್ನು ಬಿಚ್ಚಿ, ಒಳಗೆ ಕೈ ಹಾಕಿ ಜೊಂಡು ಎಳೆದು ತೆಗೆಯುವುದು ಅವರ ಕೆಲಸ. ಹಾಗೆ ಮಾಡುವ ಮೊದಲು ಫ್ಯೂಜು ಕಿತ್ತು ತಮ್ಮ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಹೊಸ ಪೆಟ್ಟಿಗೆ ಬಂದರೆ ಫ್ಯೂಜೆಲ್ಲ ಬೀಗದೊಳಗೆ, ಹೊರಗೆ ಒಂದು ಕೀಲಿ ಮಾತ್ರ. ಕೀಲಿ ಎಡಕ್ಕೆ ತಿರುವಿದರೆ ‘ರಿಪೇರಿ’ ಮನೆ, ಪಂಪು ನಿಲ್ಲುತ್ತದೆ. ಮಾಬುಸಾಬ ಕೀಲಿಯನ್ನು ಹಿಂದೆ ಮುಂದೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಸರ, ನಾ ಕೈ ಒಳಗ ಇಟ್ಟಾಗ ಇದು ಮಾತ ಕೇಳ್ತೈತಲ್ರಿ?"

"ಕೇಳ್ತೈತಿ" ಎಂದರು ಸರ್. "ನಾ ನಡದ ತೋರಸ್ತೀನಿ."

ಆದರೆ ಪಂಚಾಯ್ತಿಯವರು ಉದ್ಘಾಟನೆಯ ದಿನ ಇಟ್ಟುಬಿಟ್ಟಿದ್ದರು. ಮಾಲಕರು ಸರ್ ಅವರನ್ನು ಕರೆದು ನನ್ನ ಎದುರಿಗೇ ಹೇಳಿದರು. "ಇದ ಕಡೀದು. ನಡದ ನೋಡೂದರಾಗ ಒಂದರೆ ತಪ್ಪು ಸಿಕ್ಕರ ನೀವು ಹೇಳಿದಂಗ ಕೇಳ್ತೀನಿ. ಸಿಗಲಿಲ್ಲ ಅಂದ್ರ ನೀವು ಮನ್ಯಾಗ ಕುಂತು ಬೇಕಾದಷ್ಟು ರಂಗೋಲಿ ಹಾಕ್ರಿ." ಸರ್ ಆಗಲಿ ಎಂದು ತಲೆ ಆಡಿಸಿದರು. ಆ ಕೆಲಸ ಹೋದರೆ ಅವರು ಏನು ಮಾಡುತ್ತಾರೆಂದು ನನಗೆ ಹೆದರಿಕೆಯಾಯಿತು. ಶಾಂತಕ್ಕ ಏನು ಮಾಡುತ್ತಾರೆಂದು ಇನ್ನೂ ಹೆಚ್ಚು ಹೆದರಿಕೆಯಾಯಿತು.

ಸರ್ ಅಂದು ಮಧ್ಯಾಹ್ನವೇ ಅಂಗಳಕ್ಕೆ ಇಳಿದರು. ಕತ್ತಲಾದರೂ ಬರೆಯುತ್ತಲೇ ಇದ್ದರಂತೆ. ಸಂಜೆ ಫೋಟೋಕ್ಕೆ ಬೆಳಕು ಸಾಲಲಿಲ್ಲ, ನನಗೆ ಬಸ್ಸೂ ಇತ್ತು, ಬೆಳಿಗ್ಗೆ ಬರುತ್ತೇನೆಂದು ಹೊರಟುಬಿಟ್ಟೆ. ಮರುದಿನ ಏಳು ಗಂಟೆಗೆ ಹೋದರೆ ಸರ್ ಇರಲಿಲ್ಲ, ನೆಂಟರ ಮನೆಯ ಕಾರ್ಯಕ್ಕೆ ಸಂಶಿಗೆ ಮೊದಲ ಬಸ್ಸಿಗೇ ಹೋಗಿದ್ದರು. ಶಾಂತಕ್ಕ ಬಾಗಿಲಲ್ಲೇ ನಿಂತು, "ಬಾ ಬೇ. ಇವತ್ತ ಅಂಗಳ ತೊಳದಿಲ್ಲ ನೋಡು, ನೀ ಬರ್ತೀ ಅಂತ ಹಂಗ ಬಿಟ್ಟೀನಿ" ಎಂದರು. ನಕ್ಷೆ ಎಂದಿಗಿಂತ ಚೆಂದವಾಗಿತ್ತು. ನಾಲ್ಕೂ ಮೂಲೆಗೆ ಒಂದೊಂದು ಕಮಲದ ಹೂವು ಕೂಡ ಇತ್ತು. ಹೂವಿಗೂ ಪಂಪಿಗೂ ಸಂಬಂಧವಿಲ್ಲವೆಂದು ನಾನು ಫೋಟೋದಲ್ಲಿ ಅವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಣವೂ ಬಿಡದಂತೆ ಪ್ರೋಗ್ರಾಂ ಮಾಡಿದೆ.

ನಡೆದು ನೋಡುವ ದಿನ ಕೆರೆ ದಂಡೆಯ ಮೇಲೆ ಸರ್ ಸುಣ್ಣದ ಮನೆಗಳನ್ನು ಬರೆದರು. ಕರೆಂಟು ಯಾರಾಗಬೇಕೆಂದರೆ ಪಂಚಾಯ್ತಿ ಕಾರ್ಯದರ್ಶಿ ತಾವೇ ಮುಂದೆ ಬಂದರು. ಇಷ್ಟು ವರ್ಷ ಕರೆಂಟಿನ ಕೈಯಲ್ಲಿ ಸಾಕಾಗಿ ಹೋಗಿದ್ದ ಅವರಿಗೆ ಇಂದು ತಾವೇ ಹೋಗಿ ಬರುವುದು ಬಹಳ ಹಿಡಿಸಿತು. ಮೋಟರಿಗೆ ಮಾತ್ರ ಆಳು ಕಡಿಮೆ ಬಿತ್ತು.

"ಮಾಲಕ್ರ, ನೀವ ಬರ್ರಿ" ಎಂದರು ಸರ್.

"ನಾ ಮೋಟರ್ ಆಗಬೇಕೇನ್ರಿ?"

"ನಿಂತ ಕಡೆ ಓಡೂದು ನಿಮಗ ರೂಢಿ ಐತ್ರಿ."

ಮಾಲಕರು ಬೈಯುತ್ತಲೇ ಬಂದು ‘ಓಡೂದು’ ಮನೆಯಲ್ಲಿ ನಿಂತು, ಬಲಗೈಯನ್ನು ಗರಗರ ತಿರುಗಿಸತೊಡಗಿದರು. ಕಾರ್ಯದರ್ಶಿ "ಹೋತು" ಎಂದರೆ ನಿಲ್ಲಬೇಕು, "ಬಂತು" ಎಂದರೆ ನಾನು ಓದಿದಂತೆ ಮನೆಗೆ ಹೋಗಬೇಕು. ಕಾರ್ಯದರ್ಶಿ ಮೊದಲ ಕಾಲು ತಾಸಿನಲ್ಲೇ ಇಪ್ಪತ್ತು ಸಲ ಹೋಗಿ ಬಂದರು. ಮಾಲಕರ ಅಂಗಿ ಬೆವರಿನಿಂದ ತೊಯ್ದಿತು. ಆದರೆ ಎಲ್ಲಿಯೂ ತಪ್ಪು ಸಿಗಲಿಲ್ಲ. ಮಾಲಕರು ಕೈ ತಿರುಗಿಸುತ್ತಲೇ ಸರ್ ಕಡೆ ನೋಡಿ ನಗುತ್ತಿದ್ದರು. ನಾನು ಸರ್ ಮುಖ ನೋಡಲಿಲ್ಲ.

"ಈಗ ಜೊಂಡ ಸಿಗತು ಅನ್ಕೋರಿ" ಎಂದರು ಸರ್, ಮಾಬುಸಾಬರಿಗೆ.

ಮಾಬುಸಾಬ ಕೀಲಿ ತಿರುವಿದಂತೆ ಮಾಡಿದರು. ನಾನು ಓದಿದೆ, ರಿಪೇರಿ ಮನೆ. ಮಾಲಕರು ರಿಪೇರಿ ಮನೆಗೆ ಬಂದು ಕೈ ಇಳಿಸಿ ನಿಂತರು. ಮಾಬುಸಾಬ ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಪಂಪಿನ ಬಾಯಿ ಎಂದು ಇಟ್ಟಿದ್ದ ಬಕೀಟಿನಲ್ಲಿ ಮೊಣಕೈ ತನಕ ಕೈ ಹಾಕಿದರು. ಕಾರ್ಯದರ್ಶಿಗೆ ಸುಮ್ಮನಿರಲು ಆಗಲಿಲ್ಲ. "ಹೋತು" ಎಂದರು. ತುಸು ತಡೆದು "ಬಂತು" ಎಂದರು.

ನಾನು ಓದಿದೆ. ಕರೆಂಟ್ ಬಂತು, ರಿಪೇರಿಯಿಂದ ‘ನೆ’ಗೆ. ಮೊದಲು ಎಲ್ಲಿತ್ತು? ಓಡೂದು. ಮಾಲಕರು ಓಡೂ ಮನೆಗೆ ಹೋಗಬೇಕು.

ಮಾಲಕರು ಬಕೀಟು ದಾಟಿ ಓಡುವ ಮನೆಗೆ ಹೋಗಿ ಗರಗರ ಕೈ ತಿರುಗಿಸತೊಡಗಿದರು.

ಮಾಬುಸಾಬ ಕೂತಲ್ಲಿಂದಲೇ ತಲೆ ಎತ್ತಿ, "ಮಾಲಕ್ರ, ನನ್ನ ಕೈ ಇನ್ನೂ ಬಕೀಟನ್ಯಾಗ ಐತ್ರಿ" ಎಂದರು.

ಎಲ್ಲರೂ ನಕ್ಕೆವು. ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲಕರೂ ನಗುತ್ತ, ಕೈ ತಿರುಗಿಸುತ್ತ ಇದ್ದರು. ನಗದಿದ್ದವರು ಸರ್ ಒಬ್ಬರೇ. "ತಿರಗಸೂದು ನಿಲ್ಲಸ್ರಿ" ಎಂದರು. ದನಿ ಏರಿಸಲಿಲ್ಲ. ಆಗ ಮಾಲಕರು ತಮ್ಮ ಕೈಯನ್ನು ನೋಡಿಕೊಂಡರು, ಬಕೀಟನ್ನು ನೋಡಿದರು, ಅಲ್ಲೇ ಸುಣ್ಣದ ಮೇಲೆ ಕೂತುಬಿಟ್ಟರು. ಬಿಳಿ ಬಟ್ಟೆಯಾದ್ದರಿಂದ ಪ್ಯಾಂಟಿಗೆ ಏನೂ ಆಗಲಿಲ್ಲ, ಆದರೆ ಅವರ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು.

ಸರ್ ನನ್ನ ಮೊಬೈಲ್ ಇಸಿದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. ನಾನೂ ನೋಡಿದೆ. ಸರ್ ಬರೆದ ಬಾಣಗಳೆಲ್ಲ ಸ್ಕೇಲು ಹಿಡಿದಂತೆ ನೆಟ್ಟಗೆ. ರಿಪೇರಿ ಮನೆಯಿಂದ ಹೊರಟ ಒಂದು ಬಾಣ ಮಾತ್ರ ಮೆಲ್ಲಗೆ ಬಳುಕಿ ಹೋಗಿ, ‘ಕರೆಂಟ್ ಬಂತು’ ಎಂದು ಬರೆದ ಬಾಣಕ್ಕೆ ಬಳ್ಳಿ ಸುತ್ತಿದಂತೆ ಕೂಡಿಕೊಂಡಿತ್ತು. ಕೂಡಿದ ಬಾಣಗಳಿಗೆ ಒಂದೇ ಕಾರಣ, ಅದು ಸರ್ ಕಲಿಸಿದ ನಿಯಮ. ಅದರಂತೆಯೇ ನಾನು ಬರೆದಿದ್ದೆ. ಬಳುಕು ಯಾರ ಕೈಯದು ಎಂಬುದು ನನಗೆ ಆಗ ಹೊಳೆಯಿತು. ಕಮಲದ ಹೂವು ಬರೆದ ಕೈಯದು.

"ಯಾರ ತಪ್ಪಿದು?" ಎಂದು ಮಾಲಕರು ಕೂತಲ್ಲಿಂದಲೇ ಕೇಳಿದರು.

"ನಂದು" ಎಂದರು ಸರ್.

ಮಾಲಕರು ಎದ್ದು ಬಟ್ಟೆ ಕೊಡವಿಕೊಂಡರು. ಅವರ ತೀರ್ಪು ನನಗೆ ಇಂದಿಗೂ ಅರ್ಥವಾಗಿಲ್ಲ. "ನಡದ ನೋಡೂದು ಇನ್ನ ಮ್ಯಾಲ ಎಲ್ಲಾ ಪೆಟಗಿಗೂ ಇರ್ಲಿ. ಅದು ಖರೇ ಕೆಲಸ. ಆದ್ರ ಇಂಥಾ ನಕ್ಷಾ ಬರದ ನೀವು ನಾಳಿಂದ ಬರಬ್ಯಾಡ್ರಿ." ಸರ್ ಮತ್ತೆ ಆಗಲಿ ಎಂದು ತಲೆ ಆಡಿಸಿದರು. ಆ ಹೂಗಳನ್ನು ಕತ್ತರಿಸಿ ತೆಗೆದವಳು ನಾನು ಎಂದು ಹೇಳದೆ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ.

ಸಂಜೆ ಬಸ್ಸು ಹತ್ತದೆ ನೇರ ಅವರ ಮನೆಗೆ ಹೋದೆ. ಸಿಟ್ಟು ನನ್ನ ಮೇಲಿತ್ತು, ಅದನ್ನು ಸರ್ ಮೇಲೆ ತೀರಿಸಿಕೊಂಡೆ. "ಶಾಂತಕ್ಕಾರು ಹಾಕಿದ ಬಾಣಕ್ಕ ನೀವ್ಯಾಕ ನಂದು ಅಂದ್ರಿ ಸರ್? ದೊಡ್ಡ ಮನಶ್ಯಾ ಅನಿಸಿಕೊಳ್ಳಾಕೇನು?" ಎಂದು ಕೇಳಿಯೇ ಬಿಟ್ಟೆ. ಶಾಂತಕ್ಕ ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಹೌದು, ನಾನ ಹಾಕೀನಿ. ಅಂಗಳದಾಗ ಅರ್ಧಕ್ಕ ಬಿಟ್ಟ ಗೆರಿ ಇರಬಾರ್ದು ಅಂತ ಹಾಕೀನಿ. ಒಂದ ಮನಿಗೆ ಒಳಗ ಹೋಗೂ ಗೆರಿ ಐತಿ, ಹೊರಗ ಬರೂದ ಇಲ್ಲ. ಒಳಗ ಹೋದ ಮನಶ್ಯಾ ಹೆಂಗ ಬರಬೇಕವಾ ಹೊರಗ?"

ನಾನು ಸರ್ ಕಡೆ ನೋಡಿದೆ. ಅವರು ಮಣೆಯ ಮೇಲೆ ಕೂತು ಕಾಲ ಬೆರಳು ನೋಡಿಕೊಳ್ಳುತ್ತಿದ್ದರು.

"ಕೀಲಿ ಬಲಕ್ಕ ತಿರುವಿದ್ರ ಹೊರಗ ಬರಬೇಕು ಅಂತ ಬಾಣ ಬರೀಬೇಕಿತ್ತು ತಂಗಿ. ಕತ್ತಲಾತು, ಮರತೆ. ಆಕೀ ಬಾಣ ತಪ್ಪು ಕಡೆ ಹೋತು, ಖರೆ. ಆದ್ರ ಅಲ್ಲಿ ಒಂದ ಬಾಣ ಇಲ್ಲ ಅಂತ ಆಕೀಗೆ ಗೊತ್ತಾತು. ನನಗ ಗೊತ್ತಾಗಲಿಲ್ಲ. ನಂದು ಅಂದದ್ದು ಸುಳ್ಳಲ್ಲ."

ಅವರು ಹೆಂಡತಿಯನ್ನು ಕಾಪಾಡುತ್ತಿದ್ದಾರೆಂದು ನಾನು ದಾರಿಯುದ್ದಕ್ಕೂ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಿದ್ದೆ. ಅವರು ಬರೀ ನಿಜ ಹೇಳಿದ್ದರು. ಶಾಂತಕ್ಕ ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದರು, ಬಡಿತ ಎಂದಿಗಿಂತ ತುಸು ಜೋರಾಗಿತ್ತು. "ಇಷ್ಟ ವರ್ಷದಾಗ ನಿಮ್ಮ ನಕ್ಷಾ ಏನಂತ ನನಗ ಒಂದಿನಾ ಹೇಳೀರೇನು?" ಎಂದು ಒಳಗಿನಿಂದಲೇ ಕೇಳಿದರು.

ಮರುದಿನ ನಾನು ಮೊಬೈಲಿನಲ್ಲಿ ಕತ್ತರಿಸದ ಫೋಟೋ ತೆರೆದು ಮಾಲಕರ ಮೇಜಿನ ಮೇಲೆ ಇಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಅವರು ಮೂಲೆಯ ಹೂವಿನ ಮೇಲೆ ಬೆರಳಿಟ್ಟರು.

"ಈ ಹೂ ಯಾಕ ಕತ್ತರಿಸಿದಿ?"

"ಪ್ರೋಗ್ರಾಂಗೆ ಬೇಕಾಗಿದ್ದಿಲ್ರಿ."

"ಬೇಕಾಗಿತ್ತು. ಹೂ ನೋಡಿದ್ರ ಇದಕ್ಕ ಬ್ಯಾರೆ ಕೈ ಬಿದ್ದೈತಿ ಅಂತ ಕುರುಡಗೂ ಗೊತ್ತಾಕ್ಕಿತ್ತು." ಅವರು ಹೇಳಿದ್ದು ಸರಿಯಾಗಿತ್ತು. ಮೊಬೈಲನ್ನು ನನ್ನ ಕಡೆ ತಳ್ಳಿ, "ಆ ಮಾಬುಸಾಬ ಮುಂಜಾನಿಂದ ಮೂರ ಸಲ ಫೋನ್ ಮಾಡ್ಯಾನ. ಸರ ಬಂದು ಮತ್ತ ನಡಸೂ ತನಕ ಪೆಟಗಿ ಪಂಪ್‌ಹೌಸಿನ ಒಳಗ ಬಿಡೂದಿಲ್ಲ ಅಂತಾನ. ಉದ್ಘಾಟನಾ ಮುಂದ ಹಾಕ್ಯಾರ" ಎಂದರು. ಆಮೇಲೆ ಗಾಡಿಯ ಕೀಲಿ ತೆಗೆದುಕೊಂಡು, "ಬಾ, ಹೋಗೂಣು" ಎಂದರು.

ನಾವು ಹೋದಾಗ ಕೆಲಸ ಹೋದ ಮನುಷ್ಯ ಅಂಗಳದಲ್ಲಿ ಬಗ್ಗಿ ನಿಂತು ಅದೇ ಪಂಪನ್ನು ಮೊದಲಿನಿಂದ ಬರೆಯುತ್ತಿದ್ದರು. ಯಾರೂ ಕೇಳಿರಲಿಲ್ಲ, ಸಂಬಳವೂ ಇರಲಿಲ್ಲ. ಶಾಂತಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ಕಣ್ಣಿಟ್ಟಿದ್ದರು. ಬಾಗಿಲು ಅಂಗಳದ ಆಚೆ ಇತ್ತು, ನಡುವೆ ನಕ್ಷೆ. ಅಷ್ಟು ಅವಸರದ ಮನುಷ್ಯ ಚಪ್ಪಲಿ ಕಳಚಿಟ್ಟು, ಒಂದು ಗೆರೆಯನ್ನೂ ತುಳಿಯದೆ, ಕಾಂಪೌಂಡಿಗೆ ಅಂಟಿಕೊಂಡು ಸುತ್ತು ಬಳಸಿ ಮೆಲ್ಲಗೆ ನಡೆದು ಬಂದರು. ಅಷ್ಟು ನಿಧಾನವಾಗಿ ಅವರು ನಡೆದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಶಾಂತಕ್ಕ ಎದ್ದು ಚಹಾಕ್ಕೆ ಇಟ್ಟರು. ಸರ್ ಮತ್ತು ಮಾಲಕರ ನಡುವೆ ಕ್ಷಮೆಯ ಮಾತು ನಡೆಯಲೇ ಇಲ್ಲ, ಕೀಲಿಯ ಬಾಣ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಮಾತೇ ನಡೆಯಿತು.

ಸರ್ ಕೆಲಸಕ್ಕೆ ಮರಳಿ, ಕೆರೆ ದಂಡೆಯ ಮೇಲೆ ಮತ್ತೆ ನಡೆಸಿ ತೋರಿಸಿದ ಮೇಲೆ ಮಾಬುಸಾಬ ಪೆಟ್ಟಿಗೆಯನ್ನು ಒಳಗೆ ಬಿಟ್ಟರು. ಅಂದಿನಿಂದ ಹೊಸ ಪದ್ಧತಿ ಬಂತು. ಸರ್ ಸಂಜೆ ತನಕ ಬಿಳಿ ಪುಡಿಯಲ್ಲಿ ಬರೆಯುವುದು, ಶಾಂತಕ್ಕ ಬೆಳಿಗ್ಗೆ ಎದ್ದು ಎಲ್ಲಿ ಗೆರೆ ಅರ್ಧಕ್ಕೆ ನಿಂತಿದೆಯೋ ಅಲ್ಲಿ ಕೆಂಪು ಪುಡಿ ಇಡುವುದು. ತಿದ್ದುವಂತಿಲ್ಲ, ಕೇಳಬೇಕು ಅಷ್ಟೇ. ಕೆಂಪು ಇದ್ದಷ್ಟು ಹೊತ್ತು ನಾನು ಫೋಟೋ ತೆಗೆಯುವಂತಿಲ್ಲ. ಕೆಲವು ದಿನ ಅಂಗಳವೆಲ್ಲ ಕೆಂಪಾಗಿ ಸರ್ ನಾಷ್ಟಾ ಬಿಟ್ಟು ಕೂರುತ್ತಿದ್ದರು. "ಈ ಮನ್ಯಾಗ ಕೆರಿ ಒಣಗಿದ್ರ ಏನ್ ಮಾಡ್ತೈತ್ರಿ ಇದು? ಸುಮ್ನ ಕುಂದರತೈತೇನು ನಿಮ್ಮಂಗ?" ಎಂದು ಶಾಂತಕ್ಕ ಕೇಳುವುದು, ಸರ್ ಉತ್ತರ ಹುಡುಕುವುದು. ನಾನು ಚಹಾ ಕುಡಿಯುತ್ತ ನೋಡುತ್ತಿದ್ದೆ. ಸರ್ ಬದುಕಿದ್ದಷ್ಟು ದಿನ ನಮ್ಮ ಪೆಟ್ಟಿಗೆಗಳಿಂದ ಯಾರಿಗೂ ಒಂದು ಗೀರೂ ಆಗಲಿಲ್ಲ. ಇದರಲ್ಲಿ ನನ್ನ ಜಾಣತನ ಬಹಳ ಕಡಿಮೆ, ಇಂಜಿನಿಯರಿಂಗ್ ಮುಗಿಸಿ ಬಂದಾಗಿನ ಅಭಿಪ್ರಾಯ ಈಗ ನನಗಿಲ್ಲ.

ಸರ್ ಹೋದ ತಿಂಗಳು ತೀರಿಕೊಂಡರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮಧ್ಯಾಹ್ನ ರುದ್ರಭೂಮಿಗೆ ಒಯ್ದರು. ಮಾಲಕರು ಹೆಗಲು ಕೊಟ್ಟಿದ್ದರು, ಎಲ್ಲಿಯೂ ಅವಸರ ಮಾಡಲಿಲ್ಲ. ಕುಣಿಯ ಸುತ್ತ ಜನ ಸಾಲಾಗಿ ಬಂದು ವಿಭೂತಿ, ಪತ್ರಿ ಹಾಕಿ, ಒಂದೊಂದು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಮಾಬುಸಾಬ ಊರಿಂದ ಬಸ್ಸು ಸಿಗದೆ ಯಾರದೋ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಸಾಲಿನ ಕೊನೆಗೆ ನಿಂತು, ತಮ್ಮ ಪಾಳಿ ಬಂದಾಗ ಬಗ್ಗಿ ಎರಡೂ ಕೈ ಕೂಡಿಸಿ ತುಂಬ ಮಣ್ಣು ಎತ್ತಿದರು.

ಮುಂದೆ ನಿಂತಿದ್ದ ಮನೆಯವರೊಬ್ಬರು, "ಒಂದ ಹಿಡಿ ಸಾಕ್ರಿ, ಹಿಂದಿನವ್ರಿಗೆ ಜಾಗಾ ಆಗ್ಲಿ" ಎಂದರು.

"ಹಿಂದ ಯಾರಿಲ್ರಿ" ಎಂದರು ಮಾಬುಸಾಬ. "ನನಗ ಎರಡೂ ಕೈ ಅದಾವು, ಎರಡೂ ಕೈಲೆ ಹಾಕ್ತೀನಿ."

ಆಗ ನಾನು ಅತ್ತೆ. ಮಾಬುಸಾಬ ಅದನ್ನು ಹಾಕಿ, ಮತ್ತೊಮ್ಮೆ ಬಗ್ಗಿ, ಎರಡೂ ಕೈ ತುಂಬ ಎತ್ತಿ, ಮೆಲ್ಲಗೆ ಹಾಕಿದರು.